ಮೊಬೈಲಿನಿಂದ ಆತಂಕ ಹೆಚ್ಚುತ್ತದೆಯೇ? ಪ್ರಾಜೆಕ್ಟ್ ಶುರುಮಾಡುವ ಮೊದಲು ಯೋಚಿಸಬೇಕಾದದ್ದು

ಪ್ರಶ್ನೆ: ನಾನು ಮನೋವಿಜ್ಞಾನ ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. 'ಅತಿಯಾದ ಮೊಬೈಲ್ ಬಳಕೆಯಿಂದ ಕಾಲೇಜು ವಿದ್ಯಾರ್ಥಿಗಳಲ್ಲಿ ಆತಂಕ ಹೆಚ್ಚುತ್ತದೆ' ಎಂದು ಸಾಬೀತುಪಡಿಸುವುದು ನನ್ನ ಪ್ರಾಜೆಕ್ಟಿನ ಉದ್ದೇಶ. ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನಾವಳಿ ಹಾಕಿ, ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿ, 100 ಜನರ ಉತ್ತರ ಸಂಗ್ರಹಿಸಿ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದು) ಲೆಕ್ಕ ಹಾಕಬೇಕೆಂದಿದ್ದೇನೆ. ಹಾಸ್ಟೆಲಿನ ಸೀನಿಯರ್ ಒಬ್ಬರು 'ಪ್ರಯೋಗ ಮಾಡದಿದ್ದರೆ ಅದು ಸಂಶೋಧನೆಯೇ ಅಲ್ಲ' ಅನ್ನುತ್ತಾರೆ. 100 ಜನ ಸಾಕೇ? ಪ್ರಯೋಗ ಮಾಡಲೇಬೇಕೇ? ಕೊನೆಗೆ ಸಂಬಂಧವೇ ಸಿಗದಿದ್ದರೆ ಪ್ರಾಜೆಕ್ಟ್ ಹಾಳಾದಂತೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಂಬಂಧ ಸಿಗದಿದ್ದರೆ ಪ್ರಾಜೆಕ್ಟ್ ಹಾಳಾಗುವುದಿಲ್ಲ. ಏನು ಸಿಕ್ಕರೂ ಒಂದೇ ತೀರ್ಮಾನಕ್ಕೆ ಬರುವ ಹಾಗೆ ಅದನ್ನು ರೂಪಿಸಿದ್ದರೆ ಆಗ ಹಾಳಾಗುತ್ತದೆ. ಮೊಬೈಲಿನಿಂದ ಆತಂಕ ಹೆಚ್ಚುತ್ತದೆ ಎಂದು ನೀವು ಈಗಾಗಲೇ ನಂಬಿದ್ದೀರಿ. ಮನೆಯ ಹಿರಿಯರು ದಿನವೂ ಅದನ್ನೇ ಹೇಳುತ್ತಾರೆ, ಪತ್ರಿಕೆಗಳೂ ಬರೆಯುತ್ತವೆ. ಅದು ನಿಜವೂ ಇರಬಹುದು. ಆದರೆ ಒಂದು ವೇಳೆ ಸುಳ್ಳಾಗಿದ್ದರೆ, ಅದು ಸುಳ್ಳೆಂದು ತೋರಿಸುವ ಶಕ್ತಿ ನಿಮ್ಮ ಅಧ್ಯಯನಕ್ಕೆ ಇರಬೇಕು. ಸಂಶೋಧನಾ ವಿಧಾನದ ಪೇಪರ್‌ನಲ್ಲಿ ನೀವು ಬಾಯಿಪಾಠ ಮಾಡಿದ ನಿಯಂತ್ರಿತ ಗುಂಪು, ಯಾದೃಚ್ಛಿಕ ಹಂಚಿಕೆ (ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವುದು), ಸಿಂಧುತ್ವ, ಶೂನ್ಯ ಪ್ರಾಕ್ಕಲ್ಪನೆ ('ಸಂಬಂಧವೇ ಇಲ್ಲ' ಎಂಬ ಊಹೆ) ಎಲ್ಲವೂ ಈ ಒಂದು ಅಗತ್ಯಕ್ಕಾಗಿಯೇ ಬಂದವು. ಸಂಶೋಧಕಿಗೆ ತನ್ನ ನಂಬಿಕೆಯ ವಿರುದ್ಧದ ಉತ್ತರವೂ ಕೇಳಿಸಬೇಕು.

ಈಗ ನಿಮ್ಮ ಯೋಜನೆಗೆ ಬರೋಣ. ಇಂಥ ಪ್ರಾಜೆಕ್ಟ್ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಕೊನೆಯ ಅನುಬಂಧದಲ್ಲಿರುವ ಪ್ರಶ್ನಾವಳಿಯನ್ನು. ಏನನ್ನು ಹೇಗೆ ಅಳೆದಿದ್ದಾರೆ ಎಂಬುದು ಗೊತ್ತಾಗದೆ ಫಲಿತಾಂಶದ ಕೋಷ್ಟಕ ನೋಡಿ ಪ್ರಯೋಜನವಿಲ್ಲ. 'ಮೊಬೈಲ್ ಬಳಕೆ' ಎಂದು ನೀವು ಯಾವುದನ್ನು ಕರೆಯುತ್ತೀರಿ? ದಿನಕ್ಕೆ ಎಷ್ಟು ಗಂಟೆ ಸ್ಕ್ರೀನ್ ನೋಡುತ್ತಾರೆ ಎಂಬುದನ್ನೇ? ಎಷ್ಟು ಸಲ ಅನ್‌ಲಾಕ್ ಮಾಡುತ್ತಾರೆ ಎಂಬುದನ್ನೇ? ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡುವ ಹುಡುಗನೂ, ಯೂಟ್ಯೂಬಿನಲ್ಲಿ ಕೆಸೆಟ್ ಪಾಠ ಕೇಳುವ ಹುಡುಗಿಯೂ, ಊರಿನಲ್ಲಿರುವ ತಾಯಿಯೊಡನೆ ವಿಡಿಯೊ ಕಾಲ್‌ನಲ್ಲಿ ಮಾತಾಡುವ ಹಾಸ್ಟೆಲ್ ವಿದ್ಯಾರ್ಥಿಯೂ ನಿಮ್ಮ ಕೋಷ್ಟಕದಲ್ಲಿ 'ದಿನಕ್ಕೆ 5 ಗಂಟೆ' ಎಂಬ ಒಂದೇ ಸಂಖ್ಯೆಯಾಗಿಬಿಟ್ಟರೆ, ಆ ಸಂಖ್ಯೆಯಿಂದ ಆತಂಕದ ಬಗ್ಗೆ ಏನು ತಿಳಿದೀತು? ಒಂದನ್ನು ಆರಿಸಿ, ಅದನ್ನು ಅಳೆಯುವ ಕ್ರಮವನ್ನು ಮೊದಲೇ ಬರೆದಿಡಿ. ಪಠ್ಯಪುಸ್ತಕ ಕ್ರಿಯಾತ್ಮಕ ವ್ಯಾಖ್ಯೆ ಎನ್ನುವುದು ಇದನ್ನೇ.

'ನೀವು ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಬಳಸುತ್ತೀರಿ?' ಎಂದು ಕೇಳಿ ಬರೆದುಕೊಳ್ಳುವುದು ಸುಲಭ, ಆದರೆ ಆ ಉತ್ತರವನ್ನು ಹೆಚ್ಚು ನಂಬುವಂತಿಲ್ಲ. ಜನ ಹೇಳಿದ ಬಳಕೆಯನ್ನೂ ಫೋನೇ ದಾಖಲಿಸಿದ ಬಳಕೆಯನ್ನೂ ಹೋಲಿಸಿದ ಹಲವಾರು ಅಧ್ಯಯನಗಳನ್ನು ಒಟ್ಟುಮಾಡಿ ಡಗ್ಲಸ್ ಪ್ಯಾರಿ ಮತ್ತು ಸಂಗಡಿಗರು 2021ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಎರಡರ ನಡುವಿನ ಸಹಸಂಬಂಧ (ಪೂರ್ತಿ ಹೊಂದಿಕೆಯಿದ್ದರೆ 1, ಏನೂ ಇಲ್ಲದಿದ್ದರೆ 0) 0.38ರ ಆಸುಪಾಸಿನಲ್ಲಿತ್ತು. ಒಂದೇ ವಿಷಯದ ಎರಡು ಅಳತೆಗಳಿಗೆ ಇದು ತೀರಾ ಕಡಿಮೆ. ಇನ್ನೂ ಕಷ್ಟದ ಸಂಗತಿಯೆಂದರೆ, ಆತಂಕದಲ್ಲಿರುವವರು ತಮ್ಮ ಬಳಕೆಯನ್ನು ಇರುವುದಕ್ಕಿಂತ ಹೆಚ್ಚೆಂದು ಭಾವಿಸುವವರಾಗಿದ್ದರೆ, ಇಲ್ಲದ ಸಂಬಂಧವೂ ನಿಮ್ಮ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ತೆರೆದು ಕಳೆದ ವಾರದ ಸರಾಸರಿಯನ್ನು ನೋಡಿ ಬರೆಯಲು ಹೇಳಿ. ಸ್ಕ್ರೀನ್‌ಶಾಟ್ ಕೇಳಬೇಡಿ. ಅದರಲ್ಲಿ ಯಾವ ಯಾವ ಆ್ಯಪ್‌ಗಳಿವೆ ಎಂಬುದೆಲ್ಲ ಕಾಣುತ್ತದೆ, ಅದನ್ನು ನೋಡುವ ಹಕ್ಕು ನಿಮಗಿಲ್ಲ. ನಿಮಗೆ ಬೇಕಾದ ಸಮಯದ ಸಂಖ್ಯೆಯೊಂದೇ ಸಾಕು.

ಅನೇಕರು ಗಂಟೆಗಳ ಗೋಜು ಬೇಡವೆಂದು 'ಸ್ಮಾರ್ಟ್‌ಫೋನ್ ವ್ಯಸನ ಮಾಪನ'ಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ. 2013ರಲ್ಲಿ ದಕ್ಷಿಣ ಕೊರಿಯಾದಲ್ಲಿ ರೂಪುಗೊಂಡ ಮಾಪನದ ಹತ್ತು ಪ್ರಶ್ನೆಗಳ ಚಿಕ್ಕ ರೂಪ ನಮ್ಮಲ್ಲೂ ಬಹಳ ಬಳಕೆಯಲ್ಲಿದೆ. ಅದನ್ನು ಬಳಸುವ ಮೊದಲು ಒಂದೊಂದು ಪ್ರಶ್ನೆಯನ್ನೂ ನಿಧಾನವಾಗಿ ಓದಿ. ಫೋನ್ ಕೈಯಲ್ಲಿಲ್ಲದಿದ್ದರೆ ಚಡಪಡಿಕೆಯಾಗುತ್ತದೆಯೇ ಎಂದು ಕೇಳುವ ಪ್ರಶ್ನೆ ಅದರಲ್ಲಿದೆ. ಇನ್ನೊಂದು ಕಡೆ ನಿಮ್ಮ ಆತಂಕದ ಮಾಪನವೂ ಚಡಪಡಿಕೆಯನ್ನೇ ಕೇಳುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಹೆಸರಿನಲ್ಲಿ ಕೇಳಿ, ಎರಡಕ್ಕೂ ಸಂಬಂಧವಿದೆ ಎಂದು ಬರೆದರೆ ಅದು ಆವಿಷ್ಕಾರವಾಗುವುದಿಲ್ಲ. ಈ ಒಂದು ದೋಷ ಎಷ್ಟೋ ಪ್ರಾಜೆಕ್ಟ್‌ಗಳನ್ನು ಒಳಗಿನಿಂದಲೇ ಪೊಳ್ಳು ಮಾಡಿದೆ. ಕ್ರೋನ್‌ಬಾಕ್ ಆಲ್ಫಾ 0.85 ಬಂತೆಂದು ಸಮಾಧಾನಪಡುವಂತೆಯೂ ಇಲ್ಲ. ಮಾಪನದೊಳಗಿನ ಪ್ರಶ್ನೆಗಳು ಪರಸ್ಪರ ಹೊಂದಿಕೊಂಡಿವೆ ಎಂಬುದನ್ನಷ್ಟೇ ಆಲ್ಫಾ ಹೇಳುತ್ತದೆ. ನೀವು ಅಳೆಯಹೊರಟದ್ದನ್ನೇ ಅವು ಅಳೆಯುತ್ತಿವೆಯೇ ಎಂಬುದರ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. ಮೊದಲನೆಯದು ವಿಶ್ವಾಸಾರ್ಹತೆ, ಎರಡನೆಯದು ಸಿಂಧುತ್ವ. ವೈವಾದಲ್ಲಿ ಇದನ್ನು ಕೇಳೇ ಕೇಳುತ್ತಾರೆ.

ಆತಂಕಕ್ಕೆ ನನ್ನ ಸಲಹೆ ಜಿಎಡಿ-7. ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಈ ಮಾಪನದಲ್ಲಿ ಏಳೇ ಪ್ರಶ್ನೆಗಳು. ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 21. ಬಳಸಲು ಶುಲ್ಕವಿಲ್ಲ, ಕನ್ನಡ ರೂಪವೂ ಇದೆ. 'ಎರಡು ವಾರ' ಎಂಬುದನ್ನು ಮರೆಯಬೇಡಿ. ಇಂಟರ್ನಲ್ಸ್ ನಡೆಯುವಾಗ ಅರ್ಧ ಜನರಿಂದಲೂ, ದಸರಾ ರಜೆ ಮುಗಿಸಿ ಬಂದ ಮೇಲೆ ಇನ್ನರ್ಧ ಜನರಿಂದಲೂ ಉತ್ತರ ಪಡೆದರೆ, ನೀವು ಅಳೆಯುತ್ತಿರುವುದು ಮೊಬೈಲನ್ನೋ ಪರೀಕ್ಷೆಯನ್ನೋ ಗೊತ್ತಾಗುವುದಿಲ್ಲ. ಎಲ್ಲರಿಂದಲೂ ಒಂದೇ ವಾರದಲ್ಲಿ ಸಂಗ್ರಹಿಸಿ.

ಕನ್ನಡ ರೂಪ ಇಲ್ಲದ ಮಾಪನವನ್ನು ನೀವೇ ಅನುವಾದಿಸುವುದಾದರೆ, ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ, ಎರಡನ್ನೂ ಹೋಲಿಸಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಈ ವಿಷಯದಲ್ಲಿ ನಮ್ಮ ನೆಲದಲ್ಲೇ ಒಂದು ದೊಡ್ಡ ಮಾದರಿ ಇದೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಆಗಿನ ಮುಂಬೈ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಪ್ರಶ್ನೆಗಳನ್ನು ಭಾಷಾಂತರಿಸಿ ಸುಮ್ಮನಾಗಲಿಲ್ಲ. ಯಾವ ಪ್ರಶ್ನೆ ಯಾವ ವಯಸ್ಸಿನ ಮಕ್ಕಳಿಗೆ ತಕ್ಕದ್ದು ಎಂಬುದನ್ನು ಇಲ್ಲಿಯ ಮಕ್ಕಳ ಮೇಲೆಯೇ ಪರೀಕ್ಷಿಸಿ ನಿಗದಿಪಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಭಾರತದ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ಬಳಕೆಯಾದದ್ದು ಅದೇ. ನಿಮಗೆ ಅಷ್ಟು ಸಮಯವಿಲ್ಲ, ಸರಿ. ಹತ್ತು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿಸಿ, 'ಇದರಿಂದ ನಿಮಗೆ ಏನು ಅರ್ಥವಾಯಿತು?' ಎಂದು ಕೇಳುವಷ್ಟು ಸಮಯವಂತೂ ಇದೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆ ಕೆಟ್ಟಿದೆ ಎಂದು ತಿಳಿಯಿರಿ.

ಅಳತೆ ಸರಿಯಾಯಿತು, ಸಹಸಂಬಂಧವೂ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊಬೈಲಿನಿಂದ ಆತಂಕ ಎನ್ನಬಹುದೇ? ಆತಂಕದಲ್ಲಿರುವವರು ಮನಸ್ಸು ಬೇರೆಡೆ ತಿರುಗಿಸಲು ಮೊಬೈಲ್ ಹಿಡಿಯುತ್ತಿರಬಹುದು. ಅಥವಾ ನಿದ್ದೆ ಇಲ್ಲದವರಿಗೆ ಆತಂಕವೂ ಹೆಚ್ಚು, ರಾತ್ರಿ ಕಳೆಯಲು ಮೊಬೈಲೂ ಹೆಚ್ಚು ಎಂದಿರಬಹುದು. ಮನೆ ಬಿಟ್ಟು ಮೊದಲ ಸಲ ನಗರಕ್ಕೆ ಬಂದ ಒಂಟಿತನ, ಫೀಸಿನ ಚಿಂತೆ, ಬ್ಯಾಕ್‌ಲಾಗ್, ಇವೆಲ್ಲ ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತಬಲ್ಲವು. ಒಂದೇ ಸಲ ತುಂಬಿಸಿದ ಪ್ರಶ್ನಾವಳಿಯಿಂದ ಇವುಗಳಲ್ಲಿ ಯಾವುದು ನಿಜ ಎಂದು ಬೇರ್ಪಡಿಸಲು ಬರುವುದಿಲ್ಲ. ಹಾಗಾಗಿ ನಿಮ್ಮ ಶೀರ್ಷಿಕೆಯಲ್ಲಿರುವ 'ಬಳಕೆಯಿಂದ ಹೆಚ್ಚುತ್ತದೆ' ಎಂಬುದು ಬಿದ್ದುಹೋಗಬೇಕು. 'ಸ್ಮಾರ್ಟ್‌ಫೋನ್ ಬಳಕೆಯ ಅವಧಿ ಮತ್ತು ಆತಂಕದ ನಡುವಿನ ಸಂಬಂಧ' ಎಂದಿರಲಿ. ಸಂಬಂಧದ ಅಧ್ಯಯನವೂ ಸಂಶೋಧನೆಯೇ, ನಿಮ್ಮ ಸೀನಿಯರ್ ಹೇಳಿದ್ದು ತಪ್ಪು. ಭೂಕಂಪದ ಆಘಾತವನ್ನೋ ಬಾಲ್ಯದ ಬಡತನವನ್ನೋ ಯಾರೂ ಪ್ರಯೋಗಕ್ಕಾಗಿ ಹಂಚಲಾರರು. ಅಂಥ ಕಡೆಗಳಲ್ಲಿ ಮನೋವಿಜ್ಞಾನ ಕಲಿತದ್ದು ಬಹುಪಾಲು ಪ್ರಯೋಗವಿಲ್ಲದ ದಾರಿಯಿಂದಲೇ.

ಹಾಗಿದ್ದರೂ ಪ್ರಯೋಗಕ್ಕೆ ಏಕಿಷ್ಟು ಬೆಲೆ ಎಂಬುದನ್ನು ನಿಮ್ಮ ವಿಷಯಕ್ಕೇ ಸೇರಿದ ಒಂದು ಅಧ್ಯಯನದಿಂದ ತೋರಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಲಿಸಾ ಹಂಟ್ ಮತ್ತು ಅವರ ತಂಡ 143 ಪದವಿ ವಿದ್ಯಾರ್ಥಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ 10 ನಿಮಿಷಕ್ಕೆ ಮಿತಿಗೊಳಿಸಬೇಕು, ಮೂರು ವಾರ. ಇನ್ನೊಂದು ಗುಂಪು ಎಂದಿನಂತೆ ಬಳಸಬಹುದು, ಅದೇ ನಿಯಂತ್ರಿತ ಗುಂಪು. ಬಳಕೆಯನ್ನು ಬಾಯಿಮಾತಿನಿಂದ ಕೇಳದೆ, ಐಫೋನಿನ ಬ್ಯಾಟರಿ ಬಳಕೆಯ ದಾಖಲೆಯಿಂದ ತಿಳಿದುಕೊಂಡರು. ಮೂರು ವಾರಗಳ ಕೊನೆಗೆ ಮಿತಿ ಹಾಕಿಕೊಂಡ ಗುಂಪಿನಲ್ಲಿ ಒಂಟಿತನವೂ ಖಿನ್ನತೆಯ ಲಕ್ಷಣಗಳೂ ಇನ್ನೊಂದು ಗುಂಪಿಗಿಂತ ಇಳಿದಿದ್ದವು. ಆತಂಕ? ಅದು ಎರಡೂ ಗುಂಪುಗಳಲ್ಲಿ ಇಳಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ನಿಯಂತ್ರಿತ ಗುಂಪು ಇಲ್ಲದೆ, ಮಿತಿ ಹಾಕಿಕೊಂಡವರನ್ನಷ್ಟೇ ಮೊದಲೊಮ್ಮೆ ಕೊನೆಗೊಮ್ಮೆ ಅಳೆದಿದ್ದರೆ ಆ ತಂಡ ಏನು ಬರೆಯುತ್ತಿತ್ತು? 'ಸಾಮಾಜಿಕ ಜಾಲತಾಣಕ್ಕೆ ಮಿತಿ ಹಾಕಿದರೆ ಆತಂಕ ಕಡಿಮೆಯಾಗುತ್ತದೆ' ಎಂದು. ಅಂಕಿಅಂಶದ ಪರೀಕ್ಷೆಯೂ ಹೌದೆನ್ನುತ್ತಿತ್ತು. ಪತ್ರಿಕೆಗಳ ತಲೆಬರಹವಾಗುತ್ತಿತ್ತು. ಏನನ್ನೂ ಬದಲಿಸದ ಗುಂಪಿನಲ್ಲೂ ಅಷ್ಟೇ ಇಳಿದದ್ದರಿಂದ ಆ ತೀರ್ಮಾನಕ್ಕೆ ಆಧಾರವಿಲ್ಲದಾಯಿತು. ತಮ್ಮ ಬಳಕೆಯನ್ನು ತಾವೇ ಗಮನಿಸಿಕೊಂಡದ್ದರಿಂದ ಇಬ್ಬರಿಗೂ ಅನುಕೂಲವಾಗಿರಬಹುದು ಎಂದು ಸಂಶೋಧಕರು ಊಹಿಸಿದರು. ಸೆಮಿಸ್ಟರಿನ ಏರಿಳಿತವೂ ಇದ್ದೀತು. ಯಾವ ಕಾರಣವೇ ಇರಲಿ, ಅದು ಎರಡೂ ಗುಂಪುಗಳಿಗೆ ಸಮಾನವಾಗಿ ತಟ್ಟಿದ್ದರಿಂದ ಮೊಬೈಲಿನ ಲೆಕ್ಕದಿಂದ ಹೊರಗಿಡಲು ಸಾಧ್ಯವಾಯಿತು. ಧ್ಯಾನ ಶಿಬಿರ, ಕೌನ್ಸೆಲಿಂಗ್ ಕಾರ್ಯಕ್ರಮ, ಒತ್ತಡ ನಿವಾರಣೆಯ ಕಾರ್ಯಾಗಾರ ಇವುಗಳ ಮೇಲೆ ನಮ್ಮಲ್ಲಿ ನಡೆಯುವ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಒಂದೇ ಗುಂಪಿನ 'ಮೊದಲು–ನಂತರ' ಅಳತೆ ಮಾತ್ರ ಇರುತ್ತದೆ. ಅವುಗಳನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಪಟ್ಟ ಶ್ರಮವೆಲ್ಲ ಒಂದು ಗುಂಪಿನ ಕೊರತೆಯಿಂದ ವ್ಯರ್ಥವಾಗಿರುತ್ತದೆ.

ಹಂಟ್ ಅವರ ಅಧ್ಯಯನಕ್ಕೂ ಮಿತಿಯಿದೆ. ತಾವು ಯಾವ ಗುಂಪಿನಲ್ಲಿದ್ದೇವೆ ಎಂಬುದು ಭಾಗವಹಿಸಿದವರಿಗೆ ಗೊತ್ತಿತ್ತು, ಹಾಗಾಗಿ ನಿರೀಕ್ಷೆಯ ಪರಿಣಾಮ ಪೂರ್ತಿ ಹೋಗಿಲ್ಲ. ನಿರೀಕ್ಷೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ 1963ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗವನ್ನು ನೀವು ಓದಿರಬೇಕು. ಹನ್ನೆರಡು ವಿದ್ಯಾರ್ಥಿಗಳಿಗೆ ತಲಾ ಐದು ಸಾಮಾನ್ಯ ಇಲಿಗಳನ್ನು ಕೊಟ್ಟು, ಅರ್ಧ ಜನಕ್ಕೆ 'ಇವು ಜಾಣ ತಳಿ', ಉಳಿದವರಿಗೆ 'ಇವು ಮಂದ ತಳಿ' ಎಂದು ಹೇಳಲಾಗಿತ್ತು. ಜಾಣ ಎನಿಸಿಕೊಂಡ ಇಲಿಗಳೇ ಕವಲುದಾರಿಯ ಪೆಟ್ಟಿಗೆಯಲ್ಲಿ ಸರಿಯಾದ ದಾರಿಯನ್ನು ಚೆನ್ನಾಗಿ ಕಲಿತವು. ಇಲಿಗಳ ವಿಷಯದಲ್ಲೇ ಹೀಗಾದರೆ, ನಿಮ್ಮ ಕ್ಲಾಸಿನ ಗೆಳತಿಯರ ವಿಷಯದಲ್ಲಿ? ಆದ್ದರಿಂದ ಫಾರ್ಮ್‌ನ ತಲೆಯ ಮೇಲೆ 'ಮೊಬೈಲ್ ವ್ಯಸನ ಮತ್ತು ಆತಂಕ' ಎಂದು ದಪ್ಪಕ್ಷರದಲ್ಲಿ ಬರೆಯಬೇಡಿ. 'ವಿದ್ಯಾರ್ಥಿಗಳ ದೈನಂದಿನ ಅಭ್ಯಾಸಗಳು ಮತ್ತು ಯೋಗಕ್ಷೇಮ' ಎಂದರೆ ಸುಳ್ಳಾಗುವುದಿಲ್ಲ, ಸುಳಿವೂ ಸಿಗುವುದಿಲ್ಲ. ಆತಂಕದ ಪ್ರಶ್ನೆಗಳನ್ನು ಮೊದಲು, ಮೊಬೈಲಿನ ಪ್ರಶ್ನೆಗಳನ್ನು ನಂತರ ಇಡಿ.

ನಿಮಗೆ ಪ್ರಯೋಗವೇ ಮಾಡಬೇಕೆನ್ನಿಸಿದರೆ ಅದು ದುಬಾರಿಯಾಗಬೇಕಿಲ್ಲ. ಫೋನ್ ಮೇಜಿನ ಮೇಲಿದ್ದರೆ, ಬ್ಯಾಗಿನಲ್ಲಿದ್ದರೆ, ಪಕ್ಕದ ಕೋಣೆಯಲ್ಲಿದ್ದರೆ ಯೋಚನಾಶಕ್ತಿಯಲ್ಲಿ ವ್ಯತ್ಯಾಸವಾಗುತ್ತದೆಯೇ ಎಂದು ಆಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟವರು ಹೆಚ್ಚು ಅಂಕ ಪಡೆದಿದ್ದರು. ಮುಂದೆ ಇದನ್ನು ಪುನರಾವರ್ತಿಸಿದವರೆಲ್ಲರಿಗೂ ಅದೇ ಫಲಿತಾಂಶ ಬಂದಿಲ್ಲ, ಆದ್ದರಿಂದಲೇ ಕರ್ನಾಟಕದ ಒಂದು ಕಾಲೇಜಿನಲ್ಲಿ ಎಚ್ಚರದಿಂದ ಮಾಡಿದ ಪುನರಾವರ್ತನೆಗೆ ಬೆಲೆಯಿದೆ. ಹಂಚಿಕೆ ಮಾತ್ರ ಚೀಟಿ ಎತ್ತಿ ಮಾಡಿ. 'ಎ' ಸೆಕ್ಷನ್‌ಗೆ ಒಂದು, 'ಬಿ' ಸೆಕ್ಷನ್‌ಗೆ ಇನ್ನೊಂದು ಎಂದು ಹಂಚಿದರೆ ಅದು ಯಾದೃಚ್ಛಿಕವಲ್ಲ, ಏಕೆಂದರೆ ಸೆಕ್ಷನ್‌ಗಳು ಅಂಕಗಳಿಂದಲೋ ಐಚ್ಛಿಕ ವಿಷಯಗಳಿಂದಲೋ ಮೊದಲೇ ಬೇರೆಯಾಗಿರುತ್ತವೆ. ಮತ್ತೊಂದು ಗೊಂದಲವನ್ನೂ ಇಲ್ಲೇ ತೀರಿಸಿಬಿಡುತ್ತೇನೆ: ಇಡೀ ವಿದ್ಯಾರ್ಥಿ ಸಮುದಾಯದಿಂದ ಯಾದೃಚ್ಛಿಕವಾಗಿ ಜನರನ್ನು ಆರಿಸುವುದು ಬೇರೆ, ಬಂದವರನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚುವುದು ಬೇರೆ. ಮೊದಲನೆಯದರಿಂದ ಫಲಿತಾಂಶವನ್ನು ಇತರರಿಗೆ ಅನ್ವಯಿಸುವ ಧೈರ್ಯ ಬರುತ್ತದೆ, ಎರಡನೆಯದರಿಂದ ಕಾರಣವನ್ನು ಹೇಳುವ ಧೈರ್ಯ.

ಇನ್ನು 100 ಜನರ ಪ್ರಶ್ನೆ. 100 ಎಂಬುದು ದುಂಡಗಿನ ಸಂಖ್ಯೆ, ಅಷ್ಟೇ. ಎಷ್ಟು ಜನ ಬೇಕು ಎಂಬುದು ನೀವು ಎಷ್ಟು ದೊಡ್ಡ ಸಂಬಂಧವನ್ನು ನಿರೀಕ್ಷಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಶೇ. 5ರ ಮಟ್ಟದಲ್ಲಿ (ಅಂದರೆ ಇಲ್ಲದ ಸಂಬಂಧವನ್ನು ಇದೆಯೆನ್ನುವ ಅಪಾಯ ಶೇ. 5 ಇರುವಂತೆ), ನಿಜವಾಗಿ ಇರುವ ಸಂಬಂಧವನ್ನು ಶೇ. 80ರಷ್ಟು ಸಂಭವದಲ್ಲಿ ಹಿಡಿಯಬೇಕಾದರೆ, ಸಹಸಂಬಂಧ 0.3 ಇದ್ದಲ್ಲಿ ಸುಮಾರು 85 ಜನ ಸಾಕು. 0.2 ಇದ್ದರೆ ಸುಮಾರು 195 ಜನ ಬೇಕು. 0.1 ಇದ್ದರೆ 780 ದಾಟುತ್ತದೆ. ಈಗ ನಿಮ್ಮ ವಿಷಯದಲ್ಲಿ ಏನು ನಿರೀಕ್ಷಿಸಬಹುದು? ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಏಮಿ ಓರ್ಬನ್ ಮತ್ತು ಆ್ಯಂಡ್ರೂ ಶಿಬಿಲ್ಸ್ಕಿ 2019ರಲ್ಲಿ 3,55,358 ಹದಿಹರೆಯದವರ ದತ್ತಾಂಶ ವಿಶ್ಲೇಷಿಸಿ, ಡಿಜಿಟಲ್ ತಂತ್ರಜ್ಞಾನದ ಬಳಕೆ ಅವರ ಯೋಗಕ್ಷೇಮದ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇ. 0.4ರಷ್ಟನ್ನು ವಿವರಿಸುತ್ತದೆ ಎಂದರು. ಆಲೂಗಡ್ಡೆ ತಿನ್ನುವುದಕ್ಕೂ ಯೋಗಕ್ಷೇಮಕ್ಕೂ ಅದೇ ದತ್ತಾಂಶದಲ್ಲಿ ಹೆಚ್ಚುಕಡಿಮೆ ಅಷ್ಟೇ ನಕಾರಾತ್ಮಕ ಸಂಬಂಧ ಕಂಡಿತು. ಶೇ. 0.4 ಅಂದರೆ ಸಹಸಂಬಂಧ 0.06ರ ಆಸುಪಾಸು, ಅದನ್ನು ಹಿಡಿಯಲು ಸುಮಾರು 2,000 ಜನ ಬೇಕು.

ಇದೇ ಕೊನೆಯ ಮಾತು ಎಂದುಕೊಳ್ಳಬೇಡಿ. ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮತ್ತು ಸಂಗಡಿಗರು 2022ರಲ್ಲಿ ಅದೇ ಬಗೆಯ ವಿಶ್ಲೇಷಣೆ ಮಾಡಿ, ಟಿವಿ ಮತ್ತು ಗೇಮ್‌ಗಳನ್ನು ಸಾಮಾಜಿಕ ಜಾಲತಾಣದ ಬಳಕೆಯೊಡನೆ ಬೆರೆಸದೆ, ಹುಡುಗಿಯರನ್ನು ಬೇರೆಯಾಗಿ ನೋಡಿದರೆ ಸಂಬಂಧ ಗಣನೀಯವಾಗಿ ಹೆಚ್ಚುತ್ತದೆ ಎಂದು ತೋರಿಸಿದರು. ಎಂಥ ಬಳಕೆ, ಯಾರ ಬಳಕೆ ಎಂಬ ಆಯ್ಕೆಯೇ ಉತ್ತರವನ್ನು ಇಷ್ಟು ಬದಲಿಸುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಒಟ್ಟು ಸ್ಕ್ರೀನ್ ಸಮಯವನ್ನು ಬಿಟ್ಟು, ಸಾಮಾಜಿಕ ಜಾಲತಾಣದ ಸಮಯವನ್ನಷ್ಟೇ ಅಳೆದು, ನಿದ್ದೆಯ ಗಂಟೆಗಳನ್ನೂ ಕೇಳಿಕೊಂಡು, ಕನಿಷ್ಠ 200 ಜನರಿಂದ ಉತ್ತರ ಪಡೆಯುತ್ತಿದ್ದೆ.

ಎಷ್ಟು ಜನ ಎಂಬುದಕ್ಕಿಂತ ಯಾವ ಜನ ಎಂಬುದು ನನಗೆ ದೊಡ್ಡ ಚಿಂತೆ. ಜಗತ್ತಿನ ಪ್ರಮುಖ ಮನೋವಿಜ್ಞಾನ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ ವಿಶ್ವ ಜನಸಂಖ್ಯೆಯ ಶೇ. 12ರಷ್ಟೇ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂಬುದನ್ನು ಜೋಸೆಫ್ ಹೆನ್‌ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದಾಗ ಇಡೀ ಕ್ಷೇತ್ರ ಬೆಚ್ಚಿತು. ನಾವು ಅದನ್ನು ಉಲ್ಲೇಖಿಸಿ ಖುಷಿಪಡುತ್ತೇವೆ, ಆಮೇಲೆ ನಮ್ಮದೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಫಾರ್ಮ್ ಕಳಿಸಿ 'ಕಾಲೇಜು ವಿದ್ಯಾರ್ಥಿಗಳು' ಎಂದು ಬರೆಯುತ್ತೇವೆ. ಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಬರುವ, ಮನೆಯಲ್ಲಿ ಅಣ್ಣನೊಂದಿಗೆ ಒಂದೇ ಫೋನ್ ಹಂಚಿಕೊಳ್ಳುವ ಹುಡುಗಿ ಆ ಗುಂಪಿನಲ್ಲಿ ಇರುವುದಿಲ್ಲ. ಮೇಲಾಗಿ, ನಿಮ್ಮ ವಿಷಯ ಮೊಬೈಲ್ ಬಳಕೆ, ಉತ್ತರ ಸಂಗ್ರಹಿಸುವ ದಾರಿಯೂ ಮೊಬೈಲೇ. ಕಡಿಮೆ ಬಳಸುವವರು ಬಾಗಿಲಲ್ಲೇ ಹೊರಗುಳಿಯುತ್ತಾರೆ. ಎರಡು ಮೂರು ಬಗೆಯ ಕಾಲೇಜುಗಳನ್ನು ಆರಿಸಿ, ತರಗತಿಗೇ ಹೋಗಿ, ಮುದ್ರಿತ ಕಾಗದದ ಮೇಲೆ ತುಂಬಿಸಿ. ಹಂಚಿಕೊಂಡ ಫೋನಿನ ಸ್ಕ್ರೀನ್ ಟೈಮ್ ಒಬ್ಬರದ್ದಲ್ಲ ಎಂಬುದನ್ನು ನೆನಪಿಟ್ಟು, ಅದಕ್ಕೊಂದು ಪ್ರಶ್ನೆ ಸೇರಿಸಿ.

ದತ್ತಾಂಶ ಕೈಗೆ ಬಂದ ಮೇಲೆ ಒಂದು ಆಸೆ ಹುಟ್ಟುತ್ತದೆ. ಒಟ್ಟಾರೆ ಸಂಬಂಧ ಕಾಣದಿದ್ದರೆ ಹುಡುಗರಲ್ಲಿ ನೋಡೋಣ, ಹುಡುಗಿಯರಲ್ಲಿ ನೋಡೋಣ, ಗ್ರಾಮೀಣರಲ್ಲಿ, ನಗರದವರಲ್ಲಿ, ಒಂದೊಂದು ಉಪಮಾಪನದಲ್ಲಿ ನೋಡೋಣ ಎಂದು. ಆರು ಉಪಮಾಪನ, ನಾಲ್ಕು ಗುಂಪು, ಒಟ್ಟು 24 ಪರೀಕ್ಷೆಗಳು. ಯಾವ ಸಂಬಂಧವೂ ಇಲ್ಲದಿದ್ದರೂ, ಅವು ಪರಸ್ಪರ ಸ್ವತಂತ್ರವೆಂದುಕೊಂಡರೆ, ಕನಿಷ್ಠ ಒಂದರಲ್ಲಿ 'ಪಿ' ಮೌಲ್ಯ (ಸಂಬಂಧವೇ ಇಲ್ಲದಿದ್ದಾಗಲೂ ಇಷ್ಟು ದೊಡ್ಡ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) 0.05ಕ್ಕಿಂತ ಕೆಳಗಿಳಿಯುವ ಸಂಭವ ಶೇ. 70ರಷ್ಟು. ಆ ಒಂದನ್ನೇ ಹೆಕ್ಕಿ ಅದೇ ಪ್ರಾಕ್ಕಲ್ಪನೆಯಾಗಿತ್ತು ಎಂಬಂತೆ ಬರೆದರೆ, ಓದುವವರಿಗೆ ಉಳಿದ 23 ಎಂದೂ ಕಾಣುವುದಿಲ್ಲ. ಮನೋವಿಜ್ಞಾನ ಈ ಅಭ್ಯಾಸಕ್ಕೆ ಭಾರಿ ಬೆಲೆ ತೆತ್ತಿದೆ. 2015ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಹಯೋಗದ ಅಧ್ಯಯನ, ಪ್ರಮುಖ ಪತ್ರಿಕೆಗಳ 100 ಸಂಶೋಧನೆಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಶೇ. 97ರಷ್ಟು 'ಸಾರ್ಥಕ' (ಪಿ ಮೌಲ್ಯ 0.05ಕ್ಕಿಂತ ಕಡಿಮೆಯ) ಫಲಿತಾಂಶ ಕೊಟ್ಟಿದ್ದವು, ಪುನರಾವರ್ತನೆಯಲ್ಲಿ ಶೇ. 36ರಷ್ಟು.

ಇದಕ್ಕೆ ಮದ್ದು ಸರಳ, ಖರ್ಚೂ ಇಲ್ಲ. ಫಾರ್ಮ್ ಹಂಚುವ ಮೊದಲು ಒಂದು ಪುಟದಲ್ಲಿ ಬರೆಯಿರಿ: ಮುಖ್ಯ ಪ್ರಾಕ್ಕಲ್ಪನೆ ಯಾವುದು, ಯಾವ ಎರಡು ಅಂಕಗಳ ನಡುವಿನ ಸಹಸಂಬಂಧ, ಎಷ್ಟು ಜನರಾದ ಮೇಲೆ ಸಂಗ್ರಹ ನಿಲ್ಲಿಸುತ್ತೀರಿ, ಅರ್ಧ ತುಂಬಿದ ಹಾಳೆಗಳನ್ನು ಏನು ಮಾಡುತ್ತೀರಿ. ದಿನಾಂಕ ಹಾಕಿ ಗೈಡ್ ಅವರ ಸಹಿ ಪಡೆಯಿರಿ. ಓಪನ್ ಸೈನ್ಸ್ ಫ್ರೇಮ್‌ವರ್ಕ್ ಎಂಬ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಬಹುದು. ಉಳಿದ ಹುಡುಕಾಟವನ್ನೂ ಧಾರಾಳವಾಗಿ ಮಾಡಿ, ಆದರೆ 'ಮೊದಲೇ ಯೋಜಿಸದ ಶೋಧನೆ' ಎಂಬ ಬೇರೆ ಭಾಗದಲ್ಲಿ ಬರೆಯಿರಿ.

ಸಂಬಂಧ ಕಾಣದಿದ್ದರೆ ಏನು ಬರೆಯಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. 200 ಜನರಲ್ಲಿ ಸಹಸಂಬಂಧ 0.05 ಬಂತೆಂದುಕೊಳ್ಳಿ. ಅದರ ಶೇ. 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಸಂಬಂಧ ಇರಬಹುದಾದ ಶ್ರೇಣಿ) -0.09ರಿಂದ 0.19ರವರೆಗೆ ಇರುತ್ತದೆ. 'ಸಂಬಂಧವಿಲ್ಲ' ಎಂದು ಬರೆಯಬೇಡಿ, ಅಷ್ಟು ಗೊತ್ತಾಗಿಲ್ಲ. 'ಈ ವಿದ್ಯಾರ್ಥಿಗಳಲ್ಲಿ ಮಧ್ಯಮ ಅಥವಾ ದೊಡ್ಡ ಪ್ರಮಾಣದ ಸಂಬಂಧ ಇರುವ ಸಾಧ್ಯತೆ ಕಡಿಮೆ, ಚಿಕ್ಕ ಸಂಬಂಧವನ್ನು ಈ ಅಧ್ಯಯನ ತಳ್ಳಿಹಾಕಲಾರದು' ಎಂದು ಬರೆಯಿರಿ. ಒಬ್ಬ ಪರೀಕ್ಷಕರಾಗಿ ನಾನು ಆ ವಾಕ್ಯಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಲೆಕ್ಕಕ್ಕೆ ಎಸ್‌ಪಿಎಸ್‌ಎಸ್ ಸಿಗದಿದ್ದರೆ ಜಮೋವಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ವಿಶ್ವಾಸ ವ್ಯಾಪ್ತಿಯನ್ನೂ ಅದೇ ತೋರಿಸುತ್ತದೆ.

ನೀವು ಕೇಳದ ಒಂದು ವಿಷಯ ಉಳಿದಿದೆ, ಅದನ್ನು ಬಿಟ್ಟು ಉತ್ತರ ಮುಗಿಸಲಾರೆ. ಆತಂಕವನ್ನು ಅಳೆಯಹೊರಟವರಿಗೆ ಆತಂಕದಲ್ಲಿರುವವರು ಎದುರಾಗುತ್ತಾರೆ. ಜಿಎಡಿ-7ರಲ್ಲಿ 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ ಎಂದು ಲೆಕ್ಕ. ಅದು ರೋಗನಿರ್ಣಯವಲ್ಲ, ಹಾಗೆಂದು ಯಾರಿಗೂ ಹೇಳಲೂಬಾರದು. ಆದರೆ 200 ಜನರಲ್ಲಿ ಕೆಲವರಾದರೂ ನಿಜವಾಗಿ ಕಷ್ಟದಲ್ಲಿರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಮಾರ್ಗಸೂಚಿಯನ್ನು ಓದಿ, ಕಾಲೇಜಿನ ನೈತಿಕತಾ ಸಮಿತಿಯ ಒಪ್ಪಿಗೆ ಪಡೆಯಿರಿ. ಹದಿನೆಂಟು ತುಂಬದ ಪಿಯು ವಿದ್ಯಾರ್ಥಿಗಳನ್ನು ಸೇರಿಸುವುದಾದರೆ ಪೋಷಕರ ಒಪ್ಪಿಗೆಯೂ ಬೇಕು, ವಿದ್ಯಾರ್ಥಿಯ ಸಮ್ಮತಿಯೂ ಬೇಕು. ಹೆಸರು, ರಿಜಿಸ್ಟರ್ ನಂಬರ್ ಕೇಳಬೇಡಿ. ಗೂಗಲ್ ಫಾರ್ಮ್ ಬಳಸುವುದಾದರೆ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿ. ಉಪನ್ಯಾಸಕರು ಎದುರಿಗೆ ನಿಂತು ತುಂಬಿಸಿದರೆ ಒಪ್ಪಿಗೆ ಎಂಬುದಕ್ಕೆ ಅರ್ಥವಿರುವುದಿಲ್ಲ, ಅವರನ್ನು ಹೊರಗಿರಲು ಕೇಳಿಕೊಳ್ಳಿ.

ಉತ್ತರಗಳು ಅನಾಮಧೇಯವಾಗಿರುವುದರಿಂದ ಹೆಚ್ಚು ಅಂಕ ಬಂದವರನ್ನು ನೀವು ಹುಡುಕಿ ಮಾತಾಡಿಸಲಾರಿರಿ. ಹಾಗಾಗಿ ಸಹಾಯದ ಮಾಹಿತಿ ಎಲ್ಲರಿಗೂ ಹೋಗಬೇಕು. ಸಂಗ್ರಹ ಶುರುಮಾಡುವ ಮೊದಲು ಕಾಲೇಜಿನ ಆಪ್ತಸಮಾಲೋಚಕರನ್ನು ಭೇಟಿಯಾಗಿ, ಇಂಥ ವಾರದಲ್ಲಿ ವಿದ್ಯಾರ್ಥಿಗಳು ಬರಬಹುದು ಎಂದು ತಿಳಿಸಿ, ಅವರು ಸಿಗುವ ವೇಳೆಯನ್ನು ಬರೆದುಕೊಳ್ಳಿ. ಹಾಳೆಯ ಕೊನೆಯಲ್ಲಿ, ಹರಿದು ಮನೆಗೆ ಒಯ್ಯಬಹುದಾದ ಭಾಗದಲ್ಲಿ, ಆ ವೇಳೆಯನ್ನೂ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಮುದ್ರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು.